ಕಾಲೇಜಿಗೆ ಹೊರಟ ಮಕ್ಕಳಿಗೆ ಟ್ಯಾಬೋ, ಲ್ಯಾಪ್‌ಟಾಪೋ?



ಪ್ಲಸ್ ಟು ಫಲಿತಾಂಶ ಬಂದಾಗಿನಿಂದ ಸಂಘದ ಕೊಠಡಿಗೆ ಬರುವ ತಂದೆ ತಾಯಂದಿರು ಹೆಚ್ಚಾಗಿ ಕೇಳುತ್ತಿರುವುದು ಯಾವ ಕಾಲೇಜು ಎಂದಲ್ಲ. ಅದನ್ನು ಮಕ್ಕಳೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಇವರು ಕೇಳುವುದು ಟ್ಯಾಬ್ ಕೊಡಿಸುವುದೋ, ಲ್ಯಾಪ್‌ಟಾಪ್ ಕೊಡಿಸುವುದೋ ಎಂದು. ಹೋದ ವಾರ ತಲಮಲೆ ಕಡೆಯ ರೈತರೊಬ್ಬರು ಬಂದು ಕುಳಿತರು. "ಸಾರ್, ಮಗ ಟ್ಯಾಬೇ ಸಾಕು, ಅದ್ರಲ್ಲೇ ಎಲ್ಲಾ ಆಯ್ತದೆ ಅಂತಾನೆ. ಅಂಗಡಿಯವನು ಲ್ಯಾಪ್‌ಟಾಪೇ ತಕೊಳ್ಳಿ ಅಂತಾನೆ. ಅವರವರ ಲೆಕ್ಕ ಅವರವರಿಗೆ. ನೀವು ಕಚೇರೀಲಿ ಇದ್ದೋರು, ನೀವೇ ಒಂದು ಮಾತು ಹೇಳ್ಬುಡಿ" ಎಂದರು. ಕೋಸು ಮಾರಿ ಬಂದ ದುಡ್ಡು ಅವರ ಜೇಬಿನಲ್ಲೇ ಇತ್ತು. ಅದು ಒಮ್ಮೆ ಖರ್ಚಾದರೆ ಮುಂದಿನ ಬೆಳೆಯವರೆಗೆ ಮತ್ತೆ ಬರುವ ದುಡ್ಡಲ್ಲ. ಹಾಗಾಗಿ ಒಂದು ಮಾತಿನಲ್ಲಿ ಹೇಳಿ ಕಳಿಸಲು ನಮಗೆ ಮನಸ್ಸಾಗಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಎಲ್ಲ ಸದಸ್ಯರಿಗೂ ತಿಳಿಸುತ್ತಿದ್ದೇವೆ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಸಂಘದ ವಿದ್ಯಾರ್ಥಿ ಸಹಾಯ ನಿಧಿಯಿಂದ, ಬಿ.ಕಾಂ. ಸೇರಿದ ನಮ್ಮ ಊರಿನ ಹುಡುಗಿಯೊಬ್ಬಳಿಗೆ ಟ್ಯಾಬ್ ಕೊಡಿಸಿದೆವು. ಲ್ಯಾಪ್‌ಟಾಪಿನ ಅರ್ಧ ಬೆಲೆ, ಹಗುರ, ಬಸ್ಸಿನಲ್ಲಿ ಒಯ್ಯಲು ಸುಲಭ ಎಂಬುದು ನಮ್ಮ ಲೆಕ್ಕ. ಮೊದಲ ವರ್ಷ ಏನೂ ತೊಂದರೆಯಾಗಲಿಲ್ಲ. ಪಾಠದ ಪಿಡಿಎಫ್ ಓದುವುದು, ವಿಡಿಯೋ ನೋಡುವುದು, ಅಷ್ಟೇ. ಆಮೇಲೆ ಟ್ಯಾಲಿ ಬಂತು. ಟ್ಯಾಲಿ ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶ, ಆಂಡ್ರಾಯ್ಡ್ ಟ್ಯಾಬಿಗೆ ಹಾಕಿಕೊಳ್ಳಲು ಬರುವುದಿಲ್ಲ. ಇದನ್ನು ಕೊಳ್ಳುವ ಮುಂಚೆ ನಮ್ಮಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ. ಆ ಮಗು ಒಂದು ವರ್ಷ ಗೆಳತಿಯರ ಲ್ಯಾಪ್‌ಟಾಪ್ ಬಿಡುವಾಗುವುದನ್ನೇ ಕಾಯ್ದುಕೊಂಡು, ರಾತ್ರಿ ಹನ್ನೊಂದರ ಮೇಲೆ ಕುಳಿತು ಲೆಕ್ಕ ಮಾಡಿತು. ನಮಗೆ ವಿಷಯ ಗೊತ್ತಾದದ್ದು ಆಕೆಯ ತಾಯಿ ಬೇರೇನೋ ಕೆಲಸಕ್ಕೆ ಬಂದಾಗ. ಸಂಘದವರು ಕೊಡಿಸಿದ್ದನ್ನು ಸರಿಯಿಲ್ಲ ಎನ್ನಲು ಹುಡುಗಿಗೆ ಸಂಕೋಚವಂತೆ. ಕೊನೆಗೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಡಿಸಿದೆವು. ಎರಡೂ ಸೇರಿ ಆದ ಖರ್ಚಿನಲ್ಲಿ ಮೊದಲೇ ಹೊಸ ಲ್ಯಾಪ್‌ಟಾಪ್ ಬರುತ್ತಿತ್ತು.

ಆ ಅನುಭವದಿಂದ ನಾವು ಕಲಿತ ಪಾಠ ಇಷ್ಟು. ಓದಲು, ನೋಡಲು, ಕೇಳಲು ಟ್ಯಾಬ್ ಸಾಕು. ಬರೆದು, ಲೆಕ್ಕ ಮಾಡಿ, ತಯಾರಿಸಿ ಯಾರಿಗಾದರೂ ಒಪ್ಪಿಸಬೇಕಾದರೆ ಲ್ಯಾಪ್‌ಟಾಪ್ ಬೇಕು. ಕಾಲೇಜಿನ ಮೊದಲ ವರ್ಷದಲ್ಲಿ ಓದುವ ಕೆಲಸ ಹೆಚ್ಚು. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಒಪ್ಪಿಸುವ ಕೆಲಸವೇ ಹೆಚ್ಚಾಗುತ್ತದೆ. ಕೊಳ್ಳುವವರು ಮೊದಲ ವರ್ಷವನ್ನು ನೋಡಿ ಕೊಳ್ಳುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ಇನ್ನೊಂದು ಮಾತು. ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ಒಂದು ಸ್ಮಾರ್ಟ್‌ಫೋನ್ ಈಗಾಗಲೇ ಇದೆ. ಟ್ಯಾಬ್ ಮಾಡುವ ಬಹುಪಾಲು ಕೆಲಸವನ್ನು ಆ ಫೋನೂ ಮಾಡುತ್ತದೆ, ಪರದೆ ಚಿಕ್ಕದು ಅಷ್ಟೇ. ಫೋನು ಮಾಡಲಾರದ ಕೆಲಸಕ್ಕೆ ದುಡ್ಡು ಹಾಕುವುದು ಮೇಲಲ್ಲವೇ?

ಗಡಿಯ ಎರಡೂ ಕಡೆಯ ಸರ್ಕಾರಗಳು ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಕರ್ನಾಟಕ ಸರ್ಕಾರ 2021ರ ಜೂನ್‌ನಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲು ಶುರುಮಾಡಿತು. ಅದು ಕೋವಿಡ್ ಕಾಲ. ಕಾಲೇಜು ಮುಚ್ಚಿತ್ತು, ಪಾಠ ಕೇಳಿದರೆ ಸಾಕಿತ್ತು, ಹಾಗಾಗಿ ಆ ಹೊತ್ತಿಗೆ ಅದು ಸರಿಯಾದ ತೀರ್ಮಾನವೇ. ತಮಿಳುನಾಡಿನಲ್ಲಿ 2011ರ ಸೆಪ್ಟೆಂಬರ್‌ನಿಂದ ಉಚಿತ ಲ್ಯಾಪ್‌ಟಾಪ್ ಕೊಟ್ಟು, ಮಧ್ಯೆ ಕೆಲವು ವರ್ಷ ನಿಂತುಹೋಗಿತ್ತು. 2025ರ ಮಾರ್ಚ್ 14ರ ಬಜೆಟ್‌ನಲ್ಲಿ, ಎರಡು ವರ್ಷದಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಅವರ ಇಷ್ಟದಂತೆ ಟ್ಯಾಬ್ ಇಲ್ಲವೇ ಲ್ಯಾಪ್‌ಟಾಪ್ ಕೊಡುತ್ತೇವೆಂದು ಹೇಳಿ 2000 ಕೋಟಿ ರೂಪಾಯಿ ತೆಗೆದಿಟ್ಟರು. ಎಲ್ಕಾಟ್ ಟೆಂಡರ್ ಕರೆದದ್ದು ಮಾತ್ರ ಲ್ಯಾಪ್‌ಟಾಪಿಗೆ. 2026ರ ಜನವರಿಯಲ್ಲಿ ಹಂಚಲು ಶುರುಮಾಡಿದ್ದೂ ಲ್ಯಾಪ್‌ಟಾಪನ್ನೇ. ಎರಡನ್ನೂ ಮುಂದಿಟ್ಟು ಶುರುಮಾಡಿದವರು ಕೊನೆಗೆ ಎಲ್ಲಿಗೆ ಬಂದು ನಿಂತರು ಎಂಬುದನ್ನು ಸದಸ್ಯರು ಗಮನಿಸಬೇಕು.

ಇಲ್ಲಿ ಒಂದು ಸಣ್ಣ ಸೂಚನೆ. ಕಾಲೇಜಿನ ಸುತ್ತೋಲೆ ತಮಿಳಿನಲ್ಲಿ ಬರುತ್ತದೆ, ನಮ್ಮಲ್ಲಿ ಅನೇಕ ಹಿರಿಯರಿಗೆ ಓದಲು ಬರುವುದಿಲ್ಲ. ಅದರಲ್ಲಿ ‘ಮಡಿಕ್ಕಣಿನಿ’ ಎಂದಿದ್ದರೆ ಲ್ಯಾಪ್‌ಟಾಪ್, ‘ಕೈಕ್ಕಣಿನಿ’ ಎಂದಿದ್ದರೆ ಟ್ಯಾಬ್. ಮಡಿ ಎಂದರೆ ನಮ್ಮ ಮಡಿಲು. ಅಜ್ಜಿಯ ಮಡಿಗೂ ಅದಕ್ಕೂ ಸಂಬಂಧವಿಲ್ಲ, ಮುಟ್ಟಬಹುದು.

ಆದ್ದರಿಂದ ತಮಿಳುನಾಡಿನ ಸರ್ಕಾರಿ ಕಾಲೇಜು ಸೇರುವವರ ಮನೆಯವರು ಮೊದಲು ಮಾಡಬೇಕಾದ ಕೆಲಸ ಅಂಗಡಿಗೆ ಹೋಗುವುದಲ್ಲ. ತಾಳವಾಡಿಯ ಕಾಲೇಜಾಗಲಿ, ಸತ್ಯಮಂಗಲ, ಗೋಬಿ, ಈರೋಡಾಗಲಿ, ಕಾಲೇಜಿನ ಕಚೇರಿಗೆ ಹೋಗಿ ಈ ಯೋಜನೆಯಲ್ಲಿ ಮಗುವಿಗೆ ಬರುತ್ತದೆಯೇ, ಯಾವ ವರ್ಷ ಬರುತ್ತದೆ ಎಂದು ವಿಚಾರಿಸಿ. ಬರುವುದಿದ್ದರೆ ಅಲ್ಲಿಯವರೆಗೆ ಫೋನಿನಲ್ಲೇ ಸುಧಾರಿಸಬಹುದು. ಆದರೆ ನಮ್ಮ ಬೆಟ್ಟದ ಮಕ್ಕಳಲ್ಲಿ ಎಷ್ಟೋ ಜನ ದಿಂಬಂ ಘಾಟಿಯ 27 ತಿರುವು ಇಳಿದು ಹೋಗುವುದಕ್ಕಿಂತ ಹತ್ತಿರ ಎಂದು ಚಾಮರಾಜನಗರಕ್ಕೆ ಹೋಗುತ್ತಾರೆ, ಮೈಸೂರಿಗೆ ಹೋಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹೋಗುವುದೇ ಸಹಜ. ರೇಷನ್ ಕಾರ್ಡು ತಮಿಳುನಾಡಿನದು, ಕಾಲೇಜು ಕರ್ನಾಟಕದ್ದು. ತಮಿಳುನಾಡಿನ ಯೋಜನೆ ತಮಿಳುನಾಡಿನ ಕಾಲೇಜಿನಲ್ಲಿ ಓದುವವರಿಗೆ. ಗಡಿ ದಾಟಿದ ಮಗುವಿಗೆ ಅದು ದಾಟಿ ಬರುವುದಿಲ್ಲ. ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಾದವರು ಹೆಚ್ಚಾಗಿ ಇವರೇ, ಮುಂದಿನ ಮಾತುಗಳು ಮುಖ್ಯವಾಗಿ ಇವರಿಗೇ.

ಯಾವ ಓದಿಗೆ ಏನು ಎಂಬುದು. ಬಿ.ಕಾಂ., ಬಿಬಿಎ ಮಕ್ಕಳ ವಿಷಯ ಹೇಳಿಯಾಯಿತು. ಟ್ಯಾಲಿಯ ಜೊತೆಗೆ ಎಕ್ಸೆಲ್ ಕೂಡ ಇದೆ. ಟ್ಯಾಬಿನಲ್ಲಿ ಎಕ್ಸೆಲ್ ಇದ್ದರೂ ಅದು ಪೂರ್ತಿ ಎಕ್ಸೆಲ್ ಅಲ್ಲ, ಮ್ಯಾಕ್ರೋ ನಡೆಯುವುದಿಲ್ಲ. ಪರದೆ 10.1 ಇಂಚಿಗಿಂತ ದೊಡ್ಡದಾದರೆ ಮೈಕ್ರೋಸಾಫ್ಟಿನ ಈ ಆ್ಯಪ್‌ಗಳಲ್ಲಿ ತಿದ್ದಲು ಚಂದಾ ಕಟ್ಟಬೇಕು. ದೊಡ್ಡ ಟ್ಯಾಬ್ ಕೊಂಡವರಿಗೇ ದಂಡ, ವಿಚಿತ್ರ ಆದರೂ ನಿಜ. ಬಿಸಿಎ, ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್‌ಗೆ ಪ್ರಶ್ನೆಯೇ ಇಲ್ಲ, ಲ್ಯಾಪ್‌ಟಾಪ್. ಬಿ.ಎಸ್ಸಿ.ಗೆ ವಿಷಯ ನೋಡಿ; ಗಣಿತ, ಸಂಖ್ಯಾಶಾಸ್ತ್ರ ಇದ್ದರೆ ಲ್ಯಾಪ್‌ಟಾಪೇ. ನರ್ಸಿಂಗ್ ಮಕ್ಕಳಿಗೆ ಟ್ಯಾಬ್ ನಿಜವಾಗಿ ಅನುಕೂಲ. ದಪ್ಪ ದಪ್ಪ ಪುಸ್ತಕ, ಚಿತ್ರಗಳು, ನಿಂತು ನಿಂತೇ ನೋಡುವ ಕೆಲಸ. ಕಾನೂನು ಓದುವವರಿಗೂ ಮೊದಲ ವರ್ಷಗಳಲ್ಲಿ ಓದುವುದೇ ಹೆಚ್ಚು. ಸರ್ಕಾರಿ ಕೆಲಸದ ಆಸೆಯಿಂದ ಟಿಎನ್‌ಪಿಎಸ್‌ಸಿ ಕಡೆ ನೋಡುತ್ತಿರುವವರು, ವಿಶೇಷವಾಗಿ ಟೈಪಿಸ್ಟ್ ಹುದ್ದೆಗೆ, ಕೀಲಿಮಣೆಯ ಮೇಲೆ ಕೈ ಕೂರಿಸಲೇಬೇಕು. ನಾವು ಟೈಪ್‌ರೈಟಿಂಗ್ ಕಲಿತದ್ದು ಬೆಳಗಿನ ಆರು ಗಂಟೆಯ ಬ್ಯಾಚಿನಲ್ಲಿ, ರೆಮಿಂಗ್ಟನ್ ಮೇಲೆ, ಕಿರುಬೆರಳು ನೋಯುವಂತೆ. ಗಾಜಿನ ಮೇಲೆ ಎರಡು ಬೆರಳಲ್ಲಿ ತಟ್ಟಿ ಕಲಿತವರಿಗೆ ಆ ಕೈ ಬರುವುದಿಲ್ಲ.

ಬಿ.ಎ. ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಬಿ.ಎ.ಗೆ ಟ್ಯಾಬ್ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಕನ್ನಡ ಐಚ್ಛಿಕ ತೆಗೆದುಕೊಳ್ಳುವ ಮಕ್ಕಳಿಗೆ ಮಾತ್ರ ನಾವು ಹಾಗೆ ಹೇಳಲಾರೆವು. ಕಾರಣ ನುಡಿ. ಕರ್ನಾಟಕದ ಕಾಲೇಜುಗಳಲ್ಲಿ ಮೇಷ್ಟ್ರುಗಳು ವರ್ಷಗಳಿಂದ ತಯಾರಿಸಿಟ್ಟ ಟಿಪ್ಪಣಿಗಳು ಎಷ್ಟೋ ಹಳೆಯ ನುಡಿ, ಬರಹ ಅಕ್ಷರಗಳಲ್ಲಿವೆ. ಅವು ಯೂನಿಕೋಡ್ ಅಲ್ಲ. ಆ ವರ್ಡ್ ಫೈಲನ್ನು ಟ್ಯಾಬಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿದೆ ಎಂದು ಮಕ್ಕಳು ಅಳಿಸಿಹಾಕುತ್ತಾರೆ. ಅದು ಕೆಟ್ಟಿರುವುದಿಲ್ಲ, ತಕ್ಕ ಫಾಂಟ್ ಇಲ್ಲ ಅಷ್ಟೇ. ಲ್ಯಾಪ್‌ಟಾಪಿನಲ್ಲಾದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಂಡರೆ ಓದಬಹುದು, ಯೂನಿಕೋಡಿಗೂ ಬದಲಾಯಿಸಿಕೊಳ್ಳಬಹುದು. ಟ್ಯಾಬೇ ಇದ್ದರೆ ಮೇಷ್ಟ್ರನ್ನು ಕೇಳಿ ಪಿಡಿಎಫ್ ಮಾಡಿಸಿಕೊಳ್ಳಿ, ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಅಕ್ಷರ ಸರಿಯಾಗಿ ಬರುತ್ತದೆ.

ಕನ್ನಡದಲ್ಲಿ ಬೆರಳಚ್ಚು ಮಾಡುವುದೂ ಹಾಗೆಯೇ. ಎರಡು ಸಾಲಿನ ವಾಟ್ಸ್‌ಆ್ಯಪ್ ಸಂದೇಶಕ್ಕೆ ಟ್ಯಾಬಿನ ಗಾಜಿನ ಕೀಲಿಮಣೆ ಸಾಕು. ನಲವತ್ತು ಪುಟದ ಪ್ರಬಂಧ? ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, ದುಡ್ಡು ಕೊಡಬೇಕಿಲ್ಲ. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ವಿನ್ಯಾಸ ಇನ್ನೂ ಸುಲಭ, ಇಂಗ್ಲಿಷ್ ಕೀಲಿಗಳ ಜಾಗ ಗೊತ್ತಿದ್ದವರು ವಾರದಲ್ಲಿ ಕಲಿಯುತ್ತಾರೆ. ಇದನ್ನು ಕಲಿಯದ ಮಕ್ಕಳು ಎಂ.ಎ.ಗೆ ಹೋದಾಗ ಪುಟಕ್ಕೆ ಇಷ್ಟು ಎಂದು ಡಿಟಿಪಿ ಅಂಗಡಿಗೆ ಕೊಡುತ್ತಾರೆ, ಆಮೇಲೆ ಅಲ್ಲಿನ ಕಾಗುಣಿತದ ತಪ್ಪು ತಿದ್ದಲು ಮತ್ತೆ ಓಡುತ್ತಾರೆ. ಟ್ಯಾಬಿಗೆ ಹೊರಗಿನಿಂದ ಕೀಲಿಮಣೆ ಜೋಡಿಸಬಹುದಲ್ಲ ಎಂದು ಕೆಲವರು ಕೇಳಿದರು. ಜೋಡಿಸಬಹುದು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಕನ್ನಡದ ಒತ್ತಕ್ಷರ ಸರಿಯಾಗಿ ಬೀಳುತ್ತದೆಯೇ ಎಂದು ಅಂಗಡಿಯಲ್ಲೇ ‘ರಾಷ್ಟ್ರಕೂಟ’, ‘ಸ್ವಾತಂತ್ರ್ಯ’ ಎಂದು ಹೊಡೆದು ನೋಡಿ ಆಮೇಲೆ ದುಡ್ಡು ಕೊಡಿ.

ಇಷ್ಟಾದರೂ ಟ್ಯಾಬಿನ ಪರವಾಗಿ ಗಟ್ಟಿಯಾದ ಒಂದು ಮಾತಿದೆ, ಅದು ಕರೆಂಟು. ಹೊಸೂರಿನ, ಸೊಲ್ಲಾಪುರದ ಸದಸ್ಯರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮ್ಮ ಕಾಡಂಚಿನ ಊರುಗಳಲ್ಲಿ ಒಂದು ಗಾಳಿ ಮಳೆ ಬಂದು ಮರ ಬಿದ್ದರೆ ಲೈನು ಸರಿಯಾಗುವುದು ಯಾವಾಗಲೋ. ಟ್ಯಾಬ್ ಅಂಥ ಹೊತ್ತಿನಲ್ಲಿ ಫೋನಿನ ಹಾಗೆ ಬದುಕಿಕೊಳ್ಳುತ್ತದೆ. ಸಾಮಾನ್ಯ ಟ್ಯಾಬಿನ ಬ್ಯಾಟರಿ ಸುಮಾರು 30 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 70ರ ಮೇಲಿರುತ್ತದೆ, ನಷ್ಟ ಕಳೆದರೂ ಟ್ಯಾಬನ್ನು ಒಂದು ಸಲವಾದರೂ ಪೂರ್ತಿ ತುಂಬಿಸುತ್ತದೆ. ಲ್ಯಾಪ್‌ಟಾಪಿಗೆ 45, 65 ವ್ಯಾಟಿನ ಚಾರ್ಜರ್ ಬೇಕು, ಸಣ್ಣ ಪವರ್ ಬ್ಯಾಂಕಿನಿಂದ ಆಗುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಕೊಳ್ಳುವವರು ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವಂಥದ್ದನ್ನು ಕೇಳಿ. ಕಿಂಡಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಎಂದಲ್ಲ, ಹಾಕಿ ತೋರಿಸಲು ಹೇಳಿ. ಊರಿನಲ್ಲಿ ವೋಲ್ಟೇಜ್ ಏರಿಳಿತ ಇರುವವರು ಸ್ಪೈಕ್ ಗಾರ್ಡ್ ಒಂದನ್ನು ಅದರ ಜೊತೆಗೇ ತಂದುಬಿಡಿ.

ಸಿಗ್ನಲ್ ಎರಡನೆಯದು. ಸಿಮ್ ಹಾಕುವ ಟ್ಯಾಬ್ ಆದರೆ ತಾನೇ ನೆಟ್ ಹಿಡಿಯುತ್ತದೆ. ವೈಫೈ ಮಾತ್ರದ ಟ್ಯಾಬಿಗೂ ಲ್ಯಾಪ್‌ಟಾಪಿಗೂ ಫೋನಿನ ಹಾಟ್‌ಸ್ಪಾಟ್ ಬೇಕು. ಟವರ್ ಇಲ್ಲದ ಊರಿನಲ್ಲಿ ಎರಡೂ ಒಂದೇ. ಅಲ್ಲಿ ಉಪಯೋಗಕ್ಕೆ ಬರುವುದು ಯಂತ್ರದೊಳಗೆ ಏನು ತುಂಬಿಕೊಂಡು ಬಂದಿದ್ದೀರಿ ಎಂಬುದು. ಎನ್‌ಪಿಟಿಇಎಲ್ ಪಾಠದ ವಿಡಿಯೋಗಳನ್ನು ಇಳಿಸಿಕೊಳ್ಳಲು ಬರುತ್ತದೆ. ಹಾಸ್ಟೆಲಿನಲ್ಲೋ ಕಾಲೇಜಿನಲ್ಲೋ ಇಳಿಸಿ ತಂದರೆ ರಜೆಯಲ್ಲಿ ನೋಡಬಹುದು. ಲ್ಯಾಪ್‌ಟಾಪಿನಲ್ಲಿ ಜಾಗ ಹೆಚ್ಚು, ಪೆನ್‌ಡ್ರೈವಿನಲ್ಲಿ ಒಬ್ಬರಿಂದ ಒಬ್ಬರಿಗೆ ಹಂಚಿಕೊಳ್ಳುವುದೂ ಸುಲಭ.

ಈಗ ಅಂಗಡಿ. ನಾವು ವಿಚಾರಿಸಿದ ಮಟ್ಟಿಗೆ ಓದಿಗೆ ತಕ್ಕ ಟ್ಯಾಬ್ 12 ರಿಂದ 20 ಸಾವಿರ, ಲ್ಯಾಪ್‌ಟಾಪ್ 35 ಸಾವಿರದ ಆಸುಪಾಸಿನಿಂದ ಶುರು. ದರ ದಿನದಿನಕ್ಕೆ ಬದಲಾಗುತ್ತದೆ. ಯಾವ ಮಟ್ಟದ್ದು ಕೊಳ್ಳಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ, ಎಲ್ಕಾಟ್ ಟೆಂಡರ್ ಅದನ್ನು ಹೇಳಿಬಿಟ್ಟಿದೆ: 8 ಜಿಬಿ ರ‍್ಯಾಮ್, 256 ಜಿಬಿಯ ಎಸ್‌ಎಸ್‌ಡಿ, ಇಂಟೆಲ್ ಐ3 ಅಥವಾ ರೈಜನ್ 3 ಮಟ್ಟದ ಪ್ರೊಸೆಸರ್. ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. 20 ಸಾವಿರಕ್ಕೇ ಹೊಸ ಲ್ಯಾಪ್‌ಟಾಪ್ ಎಂದು ತೋರಿಸಿದರೆ ಅದರಲ್ಲಿ 4 ಜಿಬಿ ರ‍್ಯಾಮ್, 64 ಜಿಬಿಯ ಇಎಂಎಂಸಿ ಇರಬಹುದು. ವಿಂಡೋಸ್ ತನ್ನ ಅಪ್‌ಡೇಟ್ ಮಾಡಿಕೊಳ್ಳುವುದಕ್ಕೇ ಅದರಲ್ಲಿ ಜಾಗ ಸಾಲದು. ‘ಡಾಸ್’ ಲ್ಯಾಪ್‌ಟಾಪ್ ಎಂದರೆ ವಿಂಡೋಸ್ ಇಲ್ಲದ್ದು. ಅಂಗಡಿಯವರು ಹಾಕಿಕೊಡುವ ಕಳ್ಳ ವಿಂಡೋಸ್‌ಗಿಂತ ಲಿನಕ್ಸ್ ಹಾಕಿಕೊಳ್ಳುವುದು ಒಳ್ಳೆಯದು. ಕಾಸರಗೋಡಿನ ನಮ್ಮ ಮಕ್ಕಳು ಕೇರಳದ ಶಾಲೆಗಳಲ್ಲಿ ಲಿನಕ್ಸ್‌ನಲ್ಲೇ ಕಲಿತವರು, ಅವರನ್ನು ಕೇಳಿದರೆ ಧೈರ್ಯ ಬರುತ್ತದೆ. ಲಿಬ್ರೆ ಆಫೀಸ್ ಎರಡರಲ್ಲೂ ಉಚಿತ. ಟ್ಯಾಲಿ ಬೇಕಾದವರಿಗೆ ಮಾತ್ರ ವಿಂಡೋಸೇ ಬೇಕು.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದನ್ನು ನಾವು ಬೇಡ ಎನ್ನುವುದಿಲ್ಲ. ಕಂಪನಿಗಳು ಮಾರಿದ್ದನ್ನು ರಿಪೇರಿ ಮಾಡಿ ಗ್ಯಾರಂಟಿ ಸಮೇತ ಕೊಡುವವರಿದ್ದಾರೆ, 20 ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಒಂದು ಎಚ್ಚರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್ 8ನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಈಚಿನದು ಬೇಕು. ಆ ದಿನದ ನಂತರ ಅಗ್ಗವಾಗಿ ಮಾರುಕಟ್ಟೆಗೆ ಬಂದ ಹಳೆಯ ಯಂತ್ರಗಳಲ್ಲಿ ಅದಕ್ಕಿಂತ ಹಿಂದಿನವೂ ಬಹಳ ಇವೆ.

ತಾಳವಾಡಿಯವರು ಕೊಳ್ಳಲು ಹೋಗುವುದು ಚಾಮರಾಜನಗರಕ್ಕೆ ಅಥವಾ ಸತ್ಯಮಂಗಲಕ್ಕೆ. ಯಾವ ರಾಜ್ಯದಲ್ಲಿ ಕೊಂಡರೂ ಜಿಎಸ್‌ಟಿ ಒಂದೇ, ಶೇಕಡ 18. ಮುಖ್ಯವಾದದ್ದು ರಿಪೇರಿ. ಈರೋಡು ನಮಗೆ ನೂರು ಕಿಲೋಮೀಟರಿಗೂ ದೂರ. ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಮಗು ಓದುವ ಊರಿನಲ್ಲಿದೆಯೇ ಎಂದು ಕೇಳಿ, ಮನೆಯ ಊರಿನಲ್ಲಿ ಹೇಗೂ ಇರುವುದಿಲ್ಲ. ಬಿಲ್ಲನ್ನು ಮಗುವಿನ ಹೆಸರಿನಲ್ಲಿ ಬರೆಸಿ, ಒಂದು ಜೆರಾಕ್ಸ್ ಮನೆಯಲ್ಲಿಡಿ. ಕಂತಿನ ಮೇಲೆ ಕೊಳ್ಳುವವರು ತಿಂಗಳ ಕಂತನ್ನು ನೋಡಿ ಮೋಸಹೋಗದೆ ಒಟ್ಟು ಎಷ್ಟು ಕಟ್ಟುತ್ತೀರಿ ಎಂದು ಗುಣಿಸಿ ನೋಡಿ. ಪುದುಮೈ ಪೆಣ್ ಯೋಜನೆಯಲ್ಲಿ ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೆ ಬರುವ 1000 ರೂಪಾಯಿಯನ್ನು ಕಂತಿಗೆ ಕಟ್ಟಿಹಾಕಬೇಡಿ ಎಂದು ನಾವು ಕೈಮುಗಿದು ಕೇಳುತ್ತೇವೆ. ಅದು ಆ ಮಗುವಿನ ಬಸ್ಸಿಗೆ, ಪುಸ್ತಕಕ್ಕೆ, ಹಸಿವಾದರೆ ಒಂದು ತಿಂಡಿಗೆ.

ತಲಮಲೆಯ ರೈತರ ಮಗ ಸೇರಿರುವುದು ಚಾಮರಾಜನಗರದಲ್ಲಿ ಬಿ.ಕಾಂ.ಗೆ. ಹುಡುಗನನ್ನೂ ಕರೆಸಿ ಕೇಳಿದೆವು. ಟ್ಯಾಬ್ ಯಾಕಪ್ಪ ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲ್ಯಾಪ್‌ಟಾಪಿಗೆ ಅಪ್ಪ ಸಾಲ ಮಾಡ್ಬೇಕಾಯ್ತದೆ ಸಾರ್" ಎಂದ. ತನಗೆ ಟ್ಯಾಬೇ ಇಷ್ಟ ಎಂದು ಮನೆಯಲ್ಲಿ ಹೇಳಿದ್ದು ಅದಕ್ಕೆ. ಹಾಗಾಗಿ ತಂದೆ ತಾಯಂದಿರು ಮಗುವಿನ ಇಷ್ಟವನ್ನು ಕೇಳುವಾಗ ಅದರ ಹಿಂದಿನ ಲೆಕ್ಕವನ್ನೂ ಕೇಳಬೇಕು. ಅವನಿಗೆ ಹಳೆಯ ಲ್ಯಾಪ್‌ಟಾಪ್ ಸಾಕೆಂದು ತೀರ್ಮಾನವಾಯಿತು, ಕೋಸಿನ ದುಡ್ಡಿಗೆ ಕಡಿಮೆಬಿದ್ದದ್ದನ್ನು ಸಂಘದ ನಿಧಿಯಿಂದ ಸೇರಿಸಲು ಕಾರ್ಯಕಾರಿ ಸಮಿತಿ ಒಪ್ಪಿದೆ.

ಈ ವರ್ಷ ನಿಧಿಯಲ್ಲಿ ಇನ್ನು ಇಬ್ಬರಿಗೆ ಸಹಾಯ ಮಾಡುವಷ್ಟು ಹಣವಿದೆ. ರಾಜ್ಯದ ಗಡಿ ದಾಟಿ ಓದುತ್ತಿರುವ, ಯಾವ ಸರ್ಕಾರಿ ಯೋಜನೆಯೂ ಸಿಗದ ಮಕ್ಕಳಿಗೆ ಮೊದಲ ಆದ್ಯತೆ. ಅರ್ಜಿಯ ಜೊತೆ ಕಾಲೇಜಿನ ಪ್ರವೇಶ ರಸೀದಿ ಮತ್ತು ಮೂರು ವರ್ಷದ ಪಠ್ಯಕ್ರಮದ ಪ್ರತಿ ಇರಲಿ, ಮೊದಲ ವರ್ಷದ್ದು ಮಾತ್ರ ತರಬೇಡಿ. ಜೂನ್ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ 10 ಗಂಟೆಯಿಂದ ಸಂಘದ ಕೊಠಡಿಯಲ್ಲಿ ಒಂದು ಟ್ಯಾಬ್, ಒಂದು ಲ್ಯಾಪ್‌ಟಾಪ್ ಎರಡನ್ನೂ ಇಟ್ಟಿರುತ್ತೇವೆ. ಮಕ್ಕಳು ಎರಡರಲ್ಲೂ ಒಂದೊಂದು ಪುಟ ಕನ್ನಡ ಬೆರಳಚ್ಚು ಮಾಡಿ ನೋಡಬಹುದು. ಕರೆಂಟು ಹೋದರೂ ಕಾರ್ಯಕ್ರಮ ನಡೆಯುತ್ತದೆ. ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಸದಸ್ಯರು ಅಂದು ತಂದುಕೊಟ್ಟರೆ, ಚಾರ್ಜರ್ ಸಮೇತ, ರಸೀದಿ ಕೊಟ್ಟು ಪಡೆಯುತ್ತೇವೆ.

— ಕಾರ್ಯದರ್ಶಿ